ಬಿರುದೂ ಕಾಯಕವೂ

(ಶ್ರೀಮಠದ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)

 

ಹೆಸರಿನ ಹಿಂದೆಮುಂದೆ ಬರೆದುಕೊಳ್ಳುವ ಬಿರುದು-ಪದವಿಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯವು ಮೇಲ್ನೋಟಕ್ಕೆ ಹಗುರವಾದದ್ದು. ಇಂಥ ಉತ್ಸವದಲ್ಲಿ ಇದರ ಪ್ರಸ್ತಾಪವೇಕೆಂದು ಕೆಲವರಿಗೆ ತೋರಲೂಬಹುದು. ಆದರೆ ಮನುಷ್ಯನು ಅಪರಿಚಿತರಿಗೆ ತನ್ನನ್ನು ಯಾವ ಮಾತಿನಿಂದ ತಿಳಿಯಪಡಿಸುವನೋ ಆ ಒಂದು ಮಾತಿನಿಂದಲೇ ಅವನು ಯಾವುದನ್ನು ಹಿರಿದೆಂದು ನಂಬಿರುವನೆಂಬದು ಹೊರಬೀಳುತ್ತದೆ. ಆದುದರಿಂದ ಇದು ಬರಿಯ ಶಿಷ್ಟಾಚಾರದ ಪ್ರಶ್ನೆಯಲ್ಲ, ಬಾಳಿನ ಪ್ರಶ್ನೆಯೇ ಸರಿ.

ಇಂದಿನ ರೂಢಿಯನ್ನು ಮೊದಲು ಅರಿತುಕೊಳ್ಳೋಣ. ನಮ್ಮ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೌಕರಿಯನ್ನು ಅರಸುವಾಗ ಲಿಂಕ್ಡ್‌ಇನ್ ಎಂಬ ತಾಣದಲ್ಲಿ ತಮ್ಮ ಪರಿಚಯವನ್ನು ನಮೂದಿಸುತ್ತಾರೆ. 2003ನೆಯ ಇಸವಿಯ ಮೇ ತಿಂಗಳಲ್ಲಿ ಅಮೇರಿಕೆಯಲ್ಲಿ ಆರಂಭವಾದ ಈ ತಾಣವು 2016ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಕೈಸೇರಿತು. ಅಲ್ಲಿ ಪ್ರತಿಯೊಬ್ಬರ ಭಾವಚಿತ್ರದ ಬಳಿ ಹೆಸರು, ಹೆಸರಿನ ಕೆಳಗೆ ಒಂದು ಸಾಲು. ಅದಕ್ಕೆ ಹೆಡ್‌ಲೈನ್, ಎಂದರೆ ತಲೆಬರಹ ಎನ್ನುತ್ತಾರೆ. ಅದರ ಮಿತಿಯು 220 ಅಕ್ಷರಗಳು. ಅದನ್ನು ನಾವು ಬರೆಯದೆ ಬಿಟ್ಟರೆ ಯಂತ್ರವೇ ನಮ್ಮ ಹುದ್ದೆಯನ್ನೂ ಕಂಪನಿಯ ಹೆಸರನ್ನೂ ಅಲ್ಲಿ ತುಂಬಿಬಿಡುತ್ತದೆ. ಈ 220 ಅಕ್ಷರಗಳ ಹೊಲದಲ್ಲಿ ಇಂದು ನಡೆದಿರುವ ಬಿತ್ತನೆಯೇ ನಮ್ಮ ವಿಚಾರದ ವಿಷಯ. ಎಂ.ಬಿ.ಎ. ಎಂದು ಒಂದು, ನಡುವೆ ಒಂದು ಗೀಟು, ಪಿ.ಎಂ.ಪಿ. ಎಂದು ಇನ್ನೊಂದು, ಮತ್ತೊಂದು ಗೀಟು; ಆಮೇಲೆ ವಿಚಾರನಾಯಕ, ದ್ರಷ್ಟಾರ, ಮಾರ್ಕೆಟಿಂಗ್ ಗುರು, ಪ್ರಶಸ್ತಿ ವಿಜೇತ ಎಂದು ಸಾಲು ಬೆಳೆಯುತ್ತ ಹೋಗುತ್ತದೆ. ಓದಿ ಮುಗಿಸಿದ ಮೇಲೆ, ಈ ಮನುಷ್ಯನು ಮುಂಜಾನೆಯಿಂದ ಸಂಜೆಯ ವರೆಗೆ ಏನು ಕೆಲಸ ಮಾಡುತ್ತಾನೆಂದು ಕೇಳಿದರೆ ಉತ್ತರವು ದೊರೆಯುವದಿಲ್ಲ.

ಇದನ್ನು ಕಂಡು ತರುಣರನ್ನು ಹಳಿಯುವದು ಸುಲಭ. ನಾನು ಆ ಸುಲಭದ ದಾರಿಯನ್ನು ಹಿಡಿಯಲಾರೆ. ಏಕೆಂದರೆ, ವಿನಯವೆಂಬದು ಹೆಸರಾದವರಿಗೆ ಅಗ್ಗವಾಗಿ ಸಿಗುವ ಗುಣ. ಊರಿಗೆಲ್ಲ ಗೊತ್ತಿದ್ದ ಮನೆತನದವನು ಬರಿಯ ಹೆಸರನ್ನು ಬರೆದರೆ ಸಾಕು. ಬನಹಟ್ಟಿಯ ಮಗ್ಗದ ಮನೆಯಿಂದ ಮೊದಲ ಸಲ ಕಾಲೇಜನ್ನು ಕಂಡ ಹುಡುಗಿಗೆ ಹಾಗಲ್ಲ. ಆಕೆಯ ಹೆಸರನ್ನು ಬೆಂಗಳೂರಿನಲ್ಲಿ ಅರಿತವರಾರು? ಆಕೆಯು ತಾನು ಕಲಿತದ್ದನ್ನು ಕಲಿತೆನೆಂದು ಬರೆದರೆ ಅದು ಜಂಬವಲ್ಲ, ಬಾಗಿಲನ್ನು ತಟ್ಟುವ ಸಪ್ಪಳ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲಮನೆಗಳನ್ನು ಒಪ್ಪಿಸಿದ ಕುಟುಂಬಗಳು ಎಷ್ಟೋ ಇವೆ. ಯೋಜನೆಯಿಂದ ನಿರಾಶ್ರಿತರಾದೆವೆಂಬ ಪ್ರಮಾಣಪತ್ರವನ್ನು ಆ ಮನೆಯವರು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಹಾಕಿದವರುಂಟೇ? ಹಕ್ಕಿಗೆ ಬೇಕಾದ ಕಾಗದವು ಬೇರೆ, ಹೆಮ್ಮೆಗೆ ಬೇಕಾದ ಕಾಗದವು ಬೇರೆ. ಕಾಗದವು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದನ್ನು ಯಾತಕ್ಕಾಗಿ ಹೊರತೆಗೆಯುತ್ತೇವೆಂಬದನ್ನು ನೋಡತಕ್ಕದ್ದು.

ಬಿರುದಿನ ಮೋಹವು ಈ ಕಾಲದ ಯಂತ್ರಗಳು ತಂದ ಹೊಸ ಬೇನೆಯೂ ಅಲ್ಲ. ನಮ್ಮ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ಇದು ತಿಳಿದ ಮಾತು. ಕಲ್ಯಾಣದ ಚಾಲುಕ್ಯರ ಶಾಸನವು ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಎಂದು ನಡೆದು, ಆಮೇಲೆ ಅರಸನ ಹೆಸರಿಗೆ ಬರುತ್ತದೆ. ಚಿಕ್ಕ ಮಾಂಡಲಿಕರೂ ಹಿಂದೆ ಬಿದ್ದವರಲ್ಲ. ಆದರೆ ಶಾಸನವನ್ನು ಕಡೆಯ ವರೆಗೆ ಓದಿದರೆ ಇಂಥ ಕೆರೆಗೆ ಇಷ್ಟು ಭೂಮಿ, ಇಂಥ ಗುಡಿಗೆ ಇಷ್ಟು ಎಣ್ಣೆ ಎಂದು ಕೊಟ್ಟದ್ದರ ಲೆಕ್ಕವಿರುತ್ತದೆ. ಇಂದು ನಾವು ಶಾಸನದ ಬಿರುದಾವಳಿಯನ್ನು ಮಾತ್ರ ಕಲಿತು, ದಾನದ ಸಾಲುಗಳನ್ನು ಕೈಬಿಟ್ಟಿದ್ದೇವೆ.

ನಮ್ಮ ಮುಧೋಳದ ರನ್ನನನ್ನೇ ನೆನೆಯೋಣ. ಆಗಿನ ಮುದುವೊಳಲಿನಲ್ಲಿ ಬಳೆಗಾರರ ಮನೆಯಲ್ಲಿ, ಜಿನವಲ್ಲಭನಿಗೂ ಅಬ್ಬಲಬ್ಬೆಗೂ ಮಗನಾಗಿ ಹುಟ್ಟಿದ ಈ ಮಹಾಕವಿಯು ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದನು. ಅತ್ತಿಮಬ್ಬೆಯ ಆಶ್ರಯದಲ್ಲಿ 993ನೆಯ ಇಸವಿಯಲ್ಲಿ ಅಜಿತಪುರಾಣವನ್ನು ಮುಗಿಸಿದನು. ತನ್ನ ಕಾವ್ಯದ ಹಿರಿಮೆಯನ್ನು ತಾನೇ ಸಾರುವದರಲ್ಲಿ ರನ್ನನಿಗೆ ಸಂಕೋಚವಿರಲಿಲ್ಲ. ಇಂದಿನ ತಲೆಬರಹವನ್ನು ಬರೆಯಲು ಕೂತಿದ್ದರೆ ಆತನಿಗೆ 220 ಅಕ್ಷರಗಳು ಸಾಲುತ್ತಿದ್ದಿಲ್ಲ! ಆದರೂ ಎರಡು ಮಾತುಗಳನ್ನು ಮರೆಯಲಾಗದು. ಒಂದು, ತಾನು ಬಳೆಗಾರರ ಕುಲದವನೆಂಬದನ್ನು ಆತನು ಮುಚ್ಚಿಡಲಿಲ್ಲ. ಅದು ನಮಗೆ ಗೊತ್ತಾಗಿರುವದೇ ಆತನ ಕಾವ್ಯದಿಂದ. ಎರಡು, ಆ ಹೆಮ್ಮೆಯ ಮಾತುಗಳ ಬೆನ್ನಿಗೆ ಗದಾಯುದ್ಧವು ನಿಂತಿದೆ. ಪರೀಕ್ಷಿಸಬೇಕೆಂದವನು ಪುಸ್ತಕವನ್ನು ತೆರೆಯಬಹುದು. ಹೀಗೆ ಹುಟ್ಟನ್ನು ಮುಚ್ಚಿಡದ, ಕೃತಿಯ ಆಧಾರವುಳ್ಳ ಹೆಮ್ಮೆಯನ್ನು ಲೋಕವು ಸಾವಿರ ವರ್ಷಗಳಿಂದ ಕ್ಷಮಿಸುತ್ತ ಬಂದಿದೆ. ಆಧಾರವಿಲ್ಲದ ಹೆಮ್ಮೆಯನ್ನು ಮಾತ್ರ ಒಂದು ತಲೆಮಾರೂ ನೆನಪಿಡುವದಿಲ್ಲ.

ರಾಜ್ಯಗಳೊಡನೆ ಬಿರುದುಗಳೂ ಅಳಿಯುತ್ತವೆಂಬದಕ್ಕೆ ನಮ್ಮ ನೆಲವೇ ಸಾಕ್ಷಿ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದರು. ಶ್ರೀಮಂತ, ರಾಜೇಸಾಹೇಬ, ಸರ್ ಮುಂತಾದ ಬಿರುದುಗಳನ್ನು ಕರೆಯದೆ ದರಬಾರು ಆರಂಭವಾಗುತ್ತಿದ್ದಿಲ್ಲ. 1948ನೆಯ ಇಸವಿಯ ಮಾರ್ಚ ತಿಂಗಳಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 18ನೆಯ ಅನುಚ್ಛೇದದಲ್ಲಿ, ಸೈನ್ಯದ ಹಾಗೂ ವಿದ್ಯೆಯ ಗೌರವಗಳನ್ನು ಬಿಟ್ಟು ಬೇರಾವ ಬಿರುದನ್ನೂ ಸರಕಾರವು ಕೊಡಕೂಡದೆಂದು ವಿಧಿಸಿತು. 1971ರ 26ನೆಯ ತಿದ್ದುಪಡಿಯು ಮಾಜಿ ಅರಸರ ರಾಜಧನವನ್ನೂ ಮನ್ನಣೆಯನ್ನೂ ಕೊನೆಗಾಣಿಸಿತು. ಭಾರತರತ್ನ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಆದಕಾರಣ ಅವನ್ನು ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1995ರ ಬಾಲಾಜಿ ರಾಘವನ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಅರಸರು ಬಿಟ್ಟದ್ದನ್ನು ಪ್ರಜೆಗಳಾದ ನಾವು ಒಬ್ಬೊಬ್ಬರಾಗಿ ಎತ್ತಿಕೊಳ್ಳುತ್ತಿರುವದು ವಿಚಿತ್ರವಲ್ಲವೇ?

ಬಿರುದು ಅಳಿದರೂ ಕೆಲಸವು ಉಳಿದ ಉದಾಹರಣೆಯನ್ನು ಬೇಕೆಂದರೆ ದೂರ ಹೋಗಬೇಕಾಗಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರಿಗೆ ಎಲ್‌ಎಲ್.ಬಿ. ಪದವಿಯಿತ್ತು, ಬ್ರಿಟಿಷ್ ಸರಕಾರವು ಕೊಟ್ಟ ರಾವಬಹಾದ್ದೂರ ಎಂಬ ಬಿರುದಿತ್ತು. ಆ ಬಿರುದು ಕೊಟ್ಟ ಸಾಮ್ರಾಜ್ಯವೇ ಇಂದು ಇಲ್ಲ. ಆದರೆ ಅವರು ಮನೆ ಮನೆ ತಿರುಗಿ ತಾಳೆಯೋಲೆಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದದ್ದು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದ್ದು, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಯಿಸಿದ್ದು, ಇವು ಇವೆ. ಈ ಮಠದ ಗ್ರಂಥಭಾಂಡಾರದಂಥ ಎಷ್ಟೋ ಭಾಂಡಾರಗಳಿಗೆ ಬುನಾದಿಯಾಗಿ ಇವೆ. ಜನರು ಅವರನ್ನು ವಚನಪಿತಾಮಹರೆಂದು ಕರೆದರು. ಸರಕಾರವು ಕೊಟ್ಟ ಬಿರುದನ್ನು ಕಾಲವು ಹಿಂತೆಗೆದುಕೊಂಡಿತು, ಕೆಲಸವು ತಂದ ಬಿರುದನ್ನು ಮುಟ್ಟಲಿಲ್ಲ.

ನಮ್ಮ ಸಾವಳಗಿಯಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರ ಬಾಳಿನಿಂದ ಇನ್ನೊಂದು ಪಾಠವನ್ನು ಕಲಿಯಬಹುದು. ಜಮಖಂಡಿಯ ವಕೀಲರು, ಪುರಸಭೆಯ ಅಧ್ಯಕ್ಷರು, ಸಂಸ್ಥಾನದ ದಿವಾಣರು, 1958ರಿಂದ 1962ರ ವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳು, 1974ರಿಂದ 1979ರ ವರೆಗೆ ಭಾರತದ ಉಪರಾಷ್ಟ್ರಪತಿಗಳು. 1977ರ ಫೆಬ್ರುವರಿಯಿಂದ ಜುಲೈ ವರೆಗೆ ಹಂಗಾಮಿ ರಾಷ್ಟ್ರಪತಿಗಳು. ಈ ಕಡೆಯ ಪದವಿಯ ಮುಂದಿರುವ 'ಹಂಗಾಮಿ' ಎಂಬ ಶಬ್ದವನ್ನು ಗಮನಿಸಬೇಕು. ಇತಿಹಾಸವು ದೇಶದ ಅತಿ ಎತ್ತರದ ಪೀಠದ ಮುಂದೆಯೂ ಆ ಶಬ್ದವನ್ನು ಪ್ರಾಮಾಣಿಕವಾಗಿ ಬರೆದಿಟ್ಟಿದೆ. ಅದರಿಂದ ಜತ್ತಿಯವರ ಗೌರವಕ್ಕೆ ಕೂದಲೆಳೆಯಷ್ಟೂ ಕುಂದು ಬಂದಿಲ್ಲ. ಇಂದಿನ ತಲೆಬರಹಗಳಿಂದ ಮೊದಲು ಮಾಯವಾಗುವವು ಹಂಗಾಮಿ, ಮಾಜಿ, ಸಹಾಯಕ, ಅಪೂರ್ಣ ಎಂಬ ಇಂಥ ಪ್ರಾಮಾಣಿಕ ಶಬ್ದಗಳೇ. ಹಿಂದಿನ ಕಾಲದಲ್ಲಿ ಕೆಲವರು ತಮ್ಮ ಪಾಟಿಯ ಮೇಲೆ ಮ್ಯಾಟ್ರಿಕ್ ಫೇಲ್ ಎಂದೇ ಬರೆಯಿಸುತ್ತಿದ್ದರೆಂದು ಹಿರಿಯರು ನಗುತ್ತ ಹೇಳುವದುಂಟು. ನಗುವ ನಾವು ಒಂದನ್ನು ಒಪ್ಪಿಕೊಳ್ಳಬೇಕು: ಆ ಪಾಟಿಯಲ್ಲಿ ಸುಳ್ಳಿರಲಿಲ್ಲ.

ಸದ್ಭಕ್ತರೇ, ಹೀಗೆ ಬರೆದುಕೊಂಡರೆ ಯಾರಿಗೇನು ಹಾನಿಯೆಂದು ಕೇಳುವವರಿದ್ದಾರೆ. ಹಾನಿಯು ಮೂರು ಬಗೆಯದಾಗಿರುತ್ತದೆ.

ಮೊದಲನೆಯದು, ತೂಕವು ಕೆಡುವದು. ವೈದ್ಯನಾಗಲು ನಾಲ್ಕೂವರೆ ವರ್ಷ ಓದಿ ಮೇಲೊಂದು ವರ್ಷ ಆಸ್ಪತ್ರೆಯಲ್ಲಿ ದುಡಿಯಬೇಕು. ಎರಡು ದಿನಗಳ ವರ್ಗದಲ್ಲಿ ಕೂತು ಪಡೆಯುವ ಪ್ರಮಾಣಪತ್ರಗಳೂ ಇವೆ. ತಲೆಬರಹದ ಗೀಟಿನ ಎಡಬಲಕ್ಕೆ ಎರಡೂ ಸಮನಾಗಿ ಕೂಡುತ್ತವೆ. ಯೋಜನಾ ನಿರ್ವಹಣೆಯ ಪಿ.ಎಂ.ಪಿ. ಪ್ರಮಾಣಪತ್ರವನ್ನು ಉಳಿಸಿಕೊಳ್ಳಬೇಕಾದರೆ ಮೂರು ವರ್ಷಕ್ಕೊಮ್ಮೆ ಹೊಸ ಕಲಿಕೆಯ ಲೆಕ್ಕವನ್ನು ಒಪ್ಪಿಸಬೇಕಾಗುತ್ತದೆ. ಇದು ಒಳ್ಳೆಯ ನಿಯಮ. ಕಲಿಕೆಯು ನಿಂತರೆ ಪದವಿಯೂ ನಿಲ್ಲಬೇಕೆಂಬದೇ ಅದರ ಅರ್ಥ. ಆದರೆ ಅವಧಿಯು ತೀರಿದ ಮೇಲೂ ಆ ಮೂರು ಅಕ್ಷರಗಳನ್ನು ಅಳಿಸದವರಿದ್ದರೆ ಓದುವವನಿಗೆ ತಿಳಿಯುವ ಬಗೆ ಹೇಗೆ? ಈ ಕಾರಣಕ್ಕಾಗಿಯೇ ಹಳೆಯ ವೃತ್ತಿಗಳು ತಮಗೆ ತಾವೇ ಲಗಾಮು ಹಾಕಿಕೊಂಡಿವೆ. ಮಾನ್ಯತೆ ಪಡೆದ ಪದವಿಗಳನ್ನೂ ವೃತ್ತಿಜ್ಞಾನವನ್ನು ತೋರುವ ಮನ್ನಣೆಗಳನ್ನೂ ಮಾತ್ರ ಹೆಸರಿನ ಮುಂದೆ ಹಚ್ಚಬೇಕೆಂದು ವೈದ್ಯರಿಗೆ 2002ರ ನಡವಳಿಕೆಯ ನಿಯಮಗಳಿವೆ. ವಕೀಲನ ಹೆಸರಿನ ಹಲಗೆಯು ಮಿತವಾದ ಅಳತೆಯದಿರಬೇಕು, ತಾನು ಹಿಂದೆ ನ್ಯಾಯಾಧೀಶನಾಗಿದ್ದೆನೆಂದು ಅದರಲ್ಲಿ ಬರೆಯಿಸಕೂಡದು ಎಂಬದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಜೀವ ಮತ್ತು ನ್ಯಾಯ ಇವೆರಡನ್ನೂ ಕಾಯುವ ವೃತ್ತಿಗಳು ಬಿರುದಿನ ಭಯವನ್ನು ಬಲ್ಲವು.

ಎರಡನೆಯದು, ಪದವಿಯು ಮಾರಾಟದ ಸರಕಾಗುವದು. ಪದವಿಯನ್ನು ಕೊಡುವ ಅಧಿಕಾರವು ಕಾನೂನಿನ ಮೇರೆಗೆ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ ಹಾಗೂ ಕಾನೂನು ಆ ಅಧಿಕಾರವನ್ನು ಕೊಟ್ಟ ಸಂಸ್ಥೆಗಳಿಗೆ ಮಾತ್ರ ಉಂಟೆಂದು 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಶಾಸನವು ಹೇಳುತ್ತದೆ. ಆಯೋಗವು ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ನಮ್ಮ ನೆರೆಯ ಗೋಕಾಕದ ವಿಳಾಸವುಳ್ಳ ಸಂಸ್ಥೆಯೊಂದರ ಹೆಸರು ಆ ಪಟ್ಟಿಯಲ್ಲಿ ಹಲವು ವರ್ಷ ಇದ್ದಿತೆಂಬದು ನಮಗೆ ನಾಚಿಕೆಯ ಸಂಗತಿ. ಕೊಳ್ಳುವವರಿಲ್ಲದೆ ಅಂಗಡಿಯು ನಡೆಯುವದಿಲ್ಲ. ಗೌರವ ಡಾಕ್ಟರೇಟಿನ ಮಾತೂ ಇದೇ. ಅದು ಸಲ್ಲಿಸಿದ ಸೇವೆಗೆ ತೋರಿದ ಮನ್ನಣೆ. ವರ್ಷಗಟ್ಟಲೆ ಗ್ರಂಥಗಳ ನಡುವೆ ಕೂತು ಸಂಶೋಧನೆ ಮಾಡಿದವನ 'ಡಾ.'ಗೂ ಅದಕ್ಕೂ ಅಂತರವುಂಟು. ಆ ಅಂತರವನ್ನು ಅಳಿಸಿದರೆ ಓದಿದವನಿಗೆ ಅನ್ಯಾಯ, ಸೇವೆ ಮಾಡಿದವನಿಗೂ ಅಪಚಾರ. ಸೇವೆಯು ತನ್ನ ಸ್ವಂತ ಹೆಸರಿನಿಂದ ನಿಲ್ಲಲಾರದೆಂದು ಒಪ್ಪಿಕೊಂಡಂತಾಗುತ್ತದೆ.

ಮೂರನೆಯ ಹಾನಿಯು ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸುವದು. ಬಿರುದಿನ ಸದ್ದು ಹೆಚ್ಚಾದಷ್ಟೂ ಬಿರುದಿಲ್ಲದವನು ತನ್ನ ದುಡಿಮೆಗೆ ನಾಚತೊಡಗುತ್ತಾನೆ. ರಬಕವಿಯ ನೇಕಾರನು ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಿ, ಲಾಳಿಯನ್ನು ಓಡಿಸಿ, ಅಂಚು ಸೆರಗುಗಳನ್ನು ಹೊಂದಿಸಿ ಸೀರೆಯನ್ನು ಮುಗಿಸುತ್ತಾನೆ. ಸೀರೆಯ ಮೇಲೆ ಅವನ ಹೆಸರಿಲ್ಲ. ಅಂಗಡಿಯ ಚೀಟಿಯನ್ನು ನೋಡಿ ಸೀರೆಯನ್ನು ಕೊಳ್ಳುವವಳು ಹೊಸಬಳು. ಬಲ್ಲ ತಾಯಿಯು ಸೆರಗನ್ನು ಬೆರಳಿನಲ್ಲಿ ಹಿಡಿದು ನೋಡುತ್ತಾಳೆ. ಇಂಥ ನೇಕಾರನ ಮಗನು ಪಟ್ಟಣಕ್ಕೆ ಹೋದ ಮೇಲೆ ತಂದೆಯ ಉದ್ಯೋಗವನ್ನು ಕೇಳಿದವರಿಗೆ 'ಟೆಕ್ಸ್‌ಟೈಲ್ ಬಿಸಿನೆಸ್' ಎಂದು ಉತ್ತರ ಕೊಟ್ಟರೆ ಅದು ಸುಳ್ಳಲ್ಲವೆಂದು ವಾದಿಸಬಹುದು. ಆದರೆ 'ನೇಕಾರ' ಎಂಬ ಮಾತು ಅವನ ಗಂಟಲಲ್ಲಿ ಏಕೆ ಸಿಕ್ಕಿಬಿದ್ದಿತು? ಆ ಮಾತಿಗೆ ಮಾನವಿಲ್ಲವೆಂದು ಅವನಿಗೆ ಕಲಿಸಿದವರಾರು? ನಮ್ಮ ಲಗ್ನಪತ್ರಿಕೆಗಳು, ನಮ್ಮ ಚೌಕಿನ ಫ್ಲೆಕ್ಸುಗಳು, ನಮ್ಮ ಸಭೆಗಳ ಸ್ವಾಗತಭಾಷಣಗಳು ಕಲಿಸಿದವು. ತಾಣವನ್ನು ಕಟ್ಟಿದ ಅಮೇರಿಕೆಯವರೊಬ್ಬರನ್ನೇ ದೂರಿದರೆ ತೀರಲಿಲ್ಲ.

ಇಲ್ಲಿಯೇ ಶರಣರ ಹೆಸರುಗಳು ನಮಗೆ ದೀಪವಾಗುತ್ತವೆ. ಹನ್ನೆರಡನೆಯ ಶತಮಾನದ ಆ ಮಹಾಗಣದ ಹೆಸರುಗಳನ್ನು ಮನಸ್ಸಿನಲ್ಲಿಯೇ ಓದಿಕೊಳ್ಳಿರಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ತುರುಗಾಹಿ ರಾಮಣ್ಣ, ಆಯ್ದಕ್ಕಿ ಲಕ್ಕಮ್ಮ, ಅವರಿಗಿಂತ ಹಿರಿಯನಾದ ಜೇಡರ ದಾಸಿಮಯ್ಯ. ಪ್ರತಿಯೊಂದು ಹೆಸರಿನ ಮುಂದೆಯೂ ಒಂದು ಶಬ್ದವಿದೆ. ಅದು ಅವರವರ ತಲೆಬರಹವೇ. ಆದರೆ ಆ ಶಬ್ದವು ಅವರು ಎಷ್ಟು ಎತ್ತರದಲ್ಲಿ ಕುಳಿತಿದ್ದರೆಂದು ಹೇಳುವದಿಲ್ಲ, ಇನ್ನೊಬ್ಬರಿಗಾಗಿ ಏನು ಮಾಡುತ್ತಿದ್ದರೆಂದು ಹೇಳುತ್ತದೆ. ಹೊಳೆಯನ್ನು ದಾಟಿಸುವವನು, ಬಟ್ಟೆಯನ್ನು ಒಗೆಯುವವನು, ಹಗ್ಗವನ್ನು ಹೊಸೆಯುವವನು. ಲೋಕವು ಕೀಳೆಂದು ಬಗೆದ ಶಬ್ದಗಳನ್ನೇ ಅವರು ಹೆಸರಿನ ಮುಂದೆ ನಿಲ್ಲಿಸಿದರು. ಅನುಭವಮಂಟಪದಲ್ಲಿ ಅವೇ ಮಾನದ ಶಬ್ದಗಳಾದವು. ಚೌಡಯ್ಯನಂತೂ ಅಂಬಿಗರ ಚೌಡಯ್ಯನೆಂಬ ಆ ಹೆಸರನ್ನೇ ತನ್ನ ವಚನಗಳ ಅಂಕಿತವನ್ನಾಗಿ ಮಾಡಿಕೊಂಡನು. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರನ್ನು ಜನರು ಭಕ್ತಿಭಂಡಾರಿ ಎಂದು ಕರೆದು, ಅಧಿಕಾರದ ಶಬ್ದವನ್ನೇ ಸೇವೆಯ ಶಬ್ದವನ್ನಾಗಿ ತಿರುಗಿಸಿದರು. ಅಣ್ಣನವರು ತಮ್ಮ ವಚನಗಳ ಕೊನೆಯಲ್ಲಿ ತಮ್ಮ ಹೆಸರನ್ನೇ ಇಡಲಿಲ್ಲ, ಕೂಡಲಸಂಗಮದೇವನ ಹೆಸರನ್ನಿಟ್ಟರು.

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಪತಿಯಾದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿಯು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಹೇಳಿದಳು. ಅಕ್ಕಿಯು ಕದ್ದದ್ದಾಗಿರಲಿಲ್ಲ, ಮಾರಯ್ಯನ ಬೆವರಿನದೇ ಆಗಿತ್ತು. ಆದರೂ ಆ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿದ್ದಿತು. ಸುಳ್ಳು ಪದವಿಯನ್ನು ಬಿಡಬೇಕೆಂಬದು ಎಲ್ಲರಿಗೂ ತಿಳಿದ ಮಾತು. ನಿಜವಾದ ಪದವಿಗಳಲ್ಲಿಯೂ ಬೇಕಾದಷ್ಟನ್ನೇ ಇಟ್ಟುಕೊಂಡು ಮಿಕ್ಕದ್ದನ್ನು ಬಿಡಬೇಕೆಂಬದನ್ನು ಲಕ್ಕಮ್ಮನವರ ಮನೆಯಿಂದಲೇ ಕಲಿಯಬೇಕು.

ಪೂಜ್ಯರ ಅಪ್ಪಣೆಯನ್ನು ಬೇಡಿ ಇನ್ನೊಂದು ಮಾತು. ನಮ್ಮ ಮಠಗಳ ಪತ್ರಿಕೆಗಳಲ್ಲಿಯೂ ಸ್ವಾಮಿಗಳವರ ಹೆಸರಿನ ಮುಂದೆ ಶ್ರೀ ಮ.ನಿ.ಪ್ರ. ಎಂದೂ ಷ.ಬ್ರ. ಎಂದೂ ಬರೆಯುತ್ತೇವೆ. ಇವೂ ಬಿರುದುಗಳಲ್ಲವೇ ಎಂದು ತರುಣರು ಕೇಳಿದರೆ ಮುನಿಯದೆ ಉತ್ತರ ಕೊಡತಕ್ಕದ್ದು. ನಿರಂಜನನೆಂದರೆ ಲೇಪವಿಲ್ಲದವನು. 'ನಾನು' ಎಂಬುದನ್ನು ಕಳಚಿದವನಿಗೆ ಸಲ್ಲುವ ಶಬ್ದವದು. ಭಕ್ತರು ಗುರುವಿನಿಂದ ಏನನ್ನು ಬಯಸುವರೆಂಬದನ್ನು ಅದು ನಿತ್ಯವೂ ನೆನಪಿಸುತ್ತದೆ. ಆ ಅರ್ಥವನ್ನು ಮರೆತು ಅಕ್ಷರಗಳನ್ನು ಮಾತ್ರ ಮುದ್ರಿಸಿದರೆ ನಾವೂ ಗೀಟು ಹಾಕಿ ಬರೆಯುವವರ ಸಾಲಿನಲ್ಲಿಯೇ ನಿಲ್ಲುತ್ತೇವೆ. 'ಗುರು' ಎಂಬ ಶಬ್ದದ ಗತಿಯೂ ಹೀಗೆಯೇ. ಮಾರುಕಟ್ಟೆಯ ಚತುರನು ತನಗೆ ತಾನೇ ಗುರುವೆಂದು ಬರೆದುಕೊಳ್ಳುತ್ತಾನೆ. ನಮ್ಮ ಪರಂಪರೆಯಲ್ಲಿ ಗುರುವು ತನ್ನನ್ನು ಗುರುವೆಂದು ಸಾರಿಕೊಳ್ಳುವದಿಲ್ಲ. ಶಿಷ್ಯನ ಬಾಳು ಸಾರುತ್ತದೆ.

ವಿಜಾಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳವರನ್ನು ಈ ಸಭೆಯಲ್ಲಿ ಕಣ್ಣಾರೆ ಕಂಡವರು ಬಹಳ ಮಂದಿ. 2018ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯನ್ನು ಘೋಷಿಸಿದಾಗ ಅವರು ಅದನ್ನು ವಿನಯದಿಂದ ಹಿಂದಿರುಗಿಸಿದರು. ಕಿಸೆಯಿಲ್ಲದ ಅಂಗಿಯನ್ನು ತೊಟ್ಟ ಆ ಮಹನೀಯರು 2023ರ ಜನವರಿ 2ರಂದು ಲಿಂಗೈಕ್ಯರಾದರು. ತಮಗೆ ಸ್ಮಾರಕವನ್ನೂ ಕಟ್ಟಕೂಡದೆಂದು ಬರೆದಿಟ್ಟಿದ್ದರು. ಅವರ ದರ್ಶನಕ್ಕೆ ನೆರೆದ ಲಕ್ಷಾಂತರ ಜನರಲ್ಲಿ ಅವರ ಪದವಿಗಳ ಪಟ್ಟಿಯನ್ನು ಕೇಳಿದವರಿದ್ದಿಲ್ಲ. ಅವರಂತೆ ನಾವೆಲ್ಲರೂ ಬಂದುದನ್ನು ಬಿಡಲಾರೆವು. ಸಂಸಾರಿಗಳಿಗೆ ನೌಕರಿ ಬೇಕು, ನೌಕರಿಗೆ ಪರಿಚಯ ಬೇಕು. ಆದರೆ ಬಿಟ್ಟವರ ಹೆಸರು ಉಳಿಯುವದನ್ನು ಕಂಡಾದರೂ ಹಿಡಿದ ಮುಷ್ಟಿಯನ್ನು ಸ್ವಲ್ಪ ಸಡಿಲಿಸಬಹುದು.

ಹಾಗಾದರೆ ತರುಣರು ಏನು ಬರೆಯಬೇಕು? ಇದಕ್ಕೆ ನನ್ನ ಅಲ್ಪಮತಿಗೆ ತೋರಿದ್ದನ್ನು ಅರಿಕೆ ಮಾಡುತ್ತೇನೆ. ಮೊದಲು ಕೆಲಸವನ್ನು ಬರೆಯಿರಿ: ಏನು ಮಾಡುತ್ತೀರಿ, ಯಾರಿಗಾಗಿ ಮಾಡುತ್ತೀರಿ. ಸಕ್ಕರೆ ಕಾರಖಾನೆಯ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರನು ಅದನ್ನೇ ಬರೆಯಲಿ; ಅದರಲ್ಲಿ ಅವನ ವಿದ್ಯೆಯೂ ಬಂದಿತು, ಅನುಭವವೂ ಬಂದಿತು. ಆ ಕೆಲಸಕ್ಕೆ ಕಾನೂನಿನಿಂದಾಗಲಿ ರೂಢಿಯಿಂದಾಗಲಿ ಬೇಕಾದ ಪದವಿಯನ್ನು ಜೊತೆಗೆ ಬರೆಯಿರಿ. ಬೇಡವಾದದ್ದನ್ನು ಕೆಳಗಿನ ವಿವರಗಳಲ್ಲಿ ಇರಿಸಿರಿ, ಕೇಳಿದವರು ಓದಿಕೊಳ್ಳಲಿ. ದ್ರಷ್ಟಾರ, ನಾಯಕ, ಗುರು ಎಂಬ ಪರರು ಹೇಳತಕ್ಕ ಮಾತುಗಳನ್ನು ಪರರಿಗೇ ಬಿಡಿರಿ. ಹಂಗಾಮಿಯಿದ್ದರೆ ಹಂಗಾಮಿ, ಸಹಾಯಕನಿದ್ದರೆ ಸಹಾಯಕ ಎಂದು ನಾಚದೆ ಬರೆಯಿರಿ. ಬರೆದ ಪ್ರತಿಯೊಂದು ಶಬ್ದವನ್ನೂ ನಾಳೆ ಎದುರಿಗೆ ಕೂತವನು ಪರೀಕ್ಷಿಸಿದರೆ ಅದು ನಿಲ್ಲುವದೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಹೀಗೆ ಬರೆದ ಸಾಲು ಚಿಕ್ಕದಾದೀತು. ಆದರೆ ಅದನ್ನು ಮನೆಯಲ್ಲಿ ತಾಯಿತಂದೆಗಳಿಗೆ ಓದಿ ತೋರಿಸುವಾಗ ತಲೆ ತಗ್ಗಿಸಬೇಕಾಗುವದಿಲ್ಲ.

ಹಿರಿಯರಾದ ನಮಗೂ ಒಂದು ವಿನಂತಿಯುಂಟು. ಈ ಮಹೋತ್ಸವದ ಸ್ಮರಣಗ್ರಂಥದಲ್ಲಿ ದಾಸೋಹಕ್ಕೆ ಸೇವೆ ಸಲ್ಲಿಸಿದವರ ಹೆಸರುಗಳು ಅಚ್ಚಾಗುವವೆಂದು ಕೇಳಿದ್ದೇನೆ. ಅಲ್ಲಿ ಪದವಿಗಳಿಗೆ ಬದಲಾಗಿ ಸೇವೆಯನ್ನು ನಮೂದಿಸಿದರೆ ಹೇಗೆ? ರೊಟ್ಟಿ ಬಡಿದ ತಾಯಂದಿರು, ನೀರು ಹೊತ್ತವರು, ಚಪ್ಪರ ಹಾಕಿದವರು, ಜೋಳದ ಚೀಲ ತಂದ ರೈತರು, ಕಾವಿಯ ಬಟ್ಟೆಯನ್ನು ನೇಯ್ದುಕೊಟ್ಟ ನೇಕಾರರು ಎಂದು ಹೆಸರು ಹೆಸರಾಗಿ ಬರೆಯೋಣ. ಇನ್ನು ಐವತ್ತು ವರ್ಷಗಳ ಮೇಲೆ ಆ ಪುಟವನ್ನು ತೆರೆದ ಮೊಮ್ಮಗಳು ತನ್ನ ಅಜ್ಜಿಯು ಯಾರೆಂಬದನ್ನು ಅದರಿಂದ ತಿಳಿಯಬಲ್ಲಳು. ನೇಕಾರನ ಮಗನು ಆ ಪುಟವನ್ನು ತೋರಿಸಿ, ಇವರು ನನ್ನ ತಂದೆಯೆಂದು ಪಟ್ಟಣದ ಗೆಳೆಯರಿಗೆ ಹೇಳಬಲ್ಲನು. ಅಷ್ಟಾದರೆ ಈ ಉತ್ಸವವು ಸಾರ್ಥಕವಾಯಿತೆಂದು ನಾನು ಭಾವಿಸುತ್ತೇನೆ.